ಕಣದ ಮೇಲೆ ಬೂಟು

ಅಕ್ಕಿಆಲೂರಿನ ಹತ್ತಿರದ ಹಳ್ಳಿಯೊಂದರ ಕಣದ ಅಂಚಿನಲ್ಲಿ, ಜೀಪಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಅಕ್ಷರಗಳು ಸೊಟ್ಟಗಾಗುತ್ತಿವೆ.

ಅಮೆರಿಕದಿಂದ ಎರಡು ವಾರದ ಸೇವೆಗೆಂದು ಬಂದಿರುವ ಮಿಶನ್ ತಂಡಕ್ಕೆ ನಾನು ದುಭಾಷಿ. ನಿನ್ನೆ ಸಂಜೆ ಇವರು ಊರಿನ ರೈತ ಬಸಣ್ಣನ ಈ ಕಣದಲ್ಲಿ ಮಕ್ಕಳನ್ನು ಸೇರಿಸಿ ಹಾಡಿದರು, ಬೂಟು ಹಾಕಿಕೊಂಡೇ ಕುಣಿದರು. ಭತ್ತ ಒಕ್ಕಲೆಂದು ಸಾರಿಸಿಟ್ಟ ನೆಲ. ಬಸಣ್ಣನೇ ಇಲ್ಲಿ ಚಪ್ಪಲಿ ಮೆಟ್ಟಿ ಕಾಲಿಡುವುದಿಲ್ಲ. ಬೂಟು ಬಿಚ್ಚಿ ಎಂದು ಎಷ್ಟು ಹೇಳಿದರೂ ತಂಡದ ಹಿರಿಯ, “ದೇವರು ನೋಡುವುದು ಹೃದಯವನ್ನು, ಕಾಲನ್ನಲ್ಲ” ಎಂದು ನಕ್ಕುಬಿಟ್ಟ.

ಕಣ ಕೇಳಿ ಕೊಡಿಸಿದವಳು ಮಾರ್ಥವ್ವ. ಊರಿನಲ್ಲಿರುವುದು ಅವಳದೊಂದೇ ಕ್ರೈಸ್ತ ಮನೆ. ಊರವರ ಬೈಗುಳವೆಲ್ಲ ಬಿದ್ದದ್ದು ಅವಳಿಗೆ. ಇವತ್ತು ಬೆಳಕು ಹರಿದಾಗಿನಿಂದ ಬಗ್ಗಿ, ಸೆಗಣಿಯಿಂದ ಕಣವನ್ನು ಮತ್ತೆ ಸಾರಿಸುತ್ತಿದ್ದಾಳೆ.

“ಬಿಡವ್ವಾ, ಬಸಣ್ಣಗ ನಾ ಹೇಳ್ತೇನಿ” ಎಂದೆ.

“ಇವ್ರು ನಾಳೆ ಹೋಗ್ತಾರ್ರಿ. ನಾ ಇದ ಮಂದಿ ನಡುವ ಬಾಳೇವು ಮಾಡ್ಬೇಕು” ಎಂದಳು.

ಅಷ್ಟರಲ್ಲಿ ಆ ಹಿರಿಯ ಕ್ಯಾಮೆರಾ ಹಿಡಿದು ಬಂದ. ಹಸಿ ಸಾರಣೆಯ ಮೇಲೇ ಬೂಟೂರಿ ನಿಂತ. “ಎಷ್ಟು ಚೆಂದದ ಸರಳ ಬದುಕು! ಸ್ವಲ್ಪ ನಗಲು ಹೇಳು” ಎಂದ.

ಹೇಳಿದೆ. ಮಾರ್ಥವ್ವ ತಲೆ ಎತ್ತಲಿಲ್ಲ.

“ಅವ್ರಿಗೆ ಬೂಟ ಕಳದು ಸೆಗಣಿಗೆ ಕೈ ಹಚ್ಚಾಕ ಹೇಳ್ರಿ. ಆಮ್ಯಾಲ ನಗ್ತೇನಿ.”

ಒಂದು ಮಾತನ್ನೂ ಮೆತ್ತಗೆ ಮಾಡದೆ ಇಂಗ್ಲಿಷಿನಲ್ಲಿ ಹೇಳಿದೆ. ಕ್ಯಾಮೆರಾ ಕೆಳಗಿಳಿದಿದೆ. ಬೂಟು ಇನ್ನೂ ಕಾಲಲ್ಲೇ ಇವೆ.