ಮರಾಠಿಯಲ್ಲಿ ಸತ್ತ ನಮ್ಮವ್ವ

ನಾನು ಕೌನ್ಸೆಲಿಂಗಿಗೆ ಹೋಗಬೇಕಾಗಿ ಬಂದದ್ದು ನಕ್ಕಿದ್ದಕ್ಕೆ. ಆಫೀಸಿನ ಗೆಳೆಯನ ಅಜ್ಜಿ ತೀರಿಕೊಂಡಿದ್ದರು. ನಾಗಪುರದ ಮಹಾಲ್ ಪೇಟೆಯ ಅವರ ಹಳೇ ವಾಡೆಯಲ್ಲಿ ಎಲ್ಲರೂ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದಾಗ, ಹಾರ ಹಾಕಿದ ಫೋಟೋ ನೋಡಿ ನನಗೆ ನಗು ಬಂತು. ಮುಚ್ಚಿಕೊಳ್ಳಲು ಕೆಮ್ಮಿದೆ. ಕೆಮ್ಮು ಕುದುರೆಯ ಕೆನೆತದ ಹಾಗೆ ಹೊರಬಿತ್ತು. ಪುಣ್ಯಾತ್ಮರು ಯಾರೋ ನೀರು ಕೊಟ್ಟರು. ಅದು ಮೂಗಿನಿಂದ ಚಿಮ್ಮಿ ಭಟ್ಟರ ಧೋತರವನ್ನು ತೋಯಿಸಿತು. ಗೆಳೆಯ ನನ್ನನ್ನು ಹೊರಗೆ ಕರೆದೊಯ್ದು, ಬೈಯದೆ, ಒಬ್ಬ ಕೌನ್ಸೆಲರ್ ಮ್ಯಾಡಮ್ಮಿನ ಫೋನ್ ನಂಬರ್ ಕೊಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಸಾವಿನ ಮನೆಯಲ್ಲಿ ನಾನು ನಗುವುದು ಹೊಸದಲ್ಲ, ಕಾರಣವೂ ಗೊತ್ತಿತ್ತು. ಅವ್ವ, ಅಪ್ಪ ಇಬ್ಬರೂ ಬ್ಯಾಂಕಿನವರು. ವರ್ಗವಾದಲ್ಲೆಲ್ಲ ತಿರುಗುವಾಗ ನನ್ನನ್ನು ಧಾರವಾಡದಲ್ಲಿ ಆಯಿಯ ಹತ್ತಿರ ಬಿಟ್ಟಿದ್ದರು. ಆಯಿ ಅಂದರೆ ನಮ್ಮ ಕಡೆ ಅಜ್ಜಿ, ಅವ್ವನ ಅವ್ವ. ಆಮೇಲೆ ನನ್ನನ್ನು ನಾಗಪುರಕ್ಕೆ ಕರೆಸಿಕೊಂಡರು. ನನ್ನ ಹತ್ತನೇ ಪರೀಕ್ಷೆಯ ಹೊತ್ತಿಗೆ ಆಯಿ ಸತ್ತಳು, ನನಗೆ ಹೇಳಲಿಲ್ಲ. ಅವ್ವ ಟ್ರೇನಿಂಗ್ ಎಂದು ಸುಳ್ಳು ಹೇಳಿ ಊರಿಗೆ ಹೋಗಿ ಎಲ್ಲ ಮುಗಿಸಿ ಬಂದಳು. ಪರೀಕ್ಷೆ ಮುಗಿದ ದಿನ ಐಸ್‌ಕ್ರೀಮ್ ಕೊಡಿಸಿ ವಿಷಯ ತಿಳಿಸಿದರು. ನಾನು ಐಸ್‌ಕ್ರೀಮ್ ಪೂರ್ತಿ ತಿಂದೆ. ಕೊನೆಗಾಲದಲ್ಲಿ ಆಯಿ ನನ್ನನ್ನು ಕೇಳಿದಳೇ? ಈ ಒಂದು ಪ್ರಶ್ನೆಯನ್ನು ಅವ್ವನ ಮುಂದೆ ಎತ್ತಲಾಗದೆ ಅಂದಿನಿಂದ ಜೋಕು ಹೇಳುತ್ತ ಬಂದಿದ್ದೇನೆ.

ಮ್ಯಾಡಮ್ಮಿನ ಕೋಣೆ ಮನೀಶ್ ನಗರದಲ್ಲಿತ್ತು. ಕೂಲರಿನ ಗದ್ದಲದಲ್ಲಿ ಮಾತು ಕೇಳದ ಕಾರಣ, ವಿಷಯ ಗಂಭೀರವಾದಾಗಲೆಲ್ಲ ಅವರು ಅದನ್ನು ಆರಿಸುತ್ತಿದ್ದರು. ಮೇ ತಿಂಗಳು. ನನ್ನ ಮುಖದ ಮೇಲೆ ಬೆವರು ಕಾಲುವೆಯಾಗಿ ಹರಿಯುತ್ತಿದ್ದರೆ, ಅವರು ಟಿಶ್ಯೂ ಡಬ್ಬಿಯನ್ನು ಮೆಲ್ಲಗೆ ಮುಂದೆ ತಳ್ಳಿ, ಅಳಿ, ತಡೆಯಬೇಡಿ ಅನ್ನುತ್ತಿದ್ದರು.

ಮೊದಲ ದಿನ ಹಿಂದಿಯಲ್ಲಿ "ಆಯಿ ಗಯಿ" ಅಂದೆ. ಹಿಂದಿಯಲ್ಲಿ ಅದು 'ಬಂದಳು, ಹೋದಳು' ಅಂತಾಗುತ್ತದೆ. ಹುಡುಗಿಗೂ ನನಗೂ ಜಗಳ ಯಾತಕ್ಕಾಯಿತು ಎಂದು ಮ್ಯಾಡಮ್ ಕೇಳಿದರು. ಗಾಬರಿಯಾಗಿ ಮರಾಠಿಗೆ ಜಿಗಿದೆ: "ಮಾಝೀ ಆಯಿ ಗೇಲೀ." ನನ್ನ ಆಯಿ ತೀರಿಕೊಂಡಳು ಅಂತ. ಆದರೆ ಮರಾಠಿಯಲ್ಲಿ ಆಯಿ ಅಂದರೆ ತಾಯಿ. ಇಷ್ಟು ವರ್ಷ ನಾಗಪುರದಲ್ಲಿದ್ದವನಿಗೆ ಅದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಆದರೆ ನನಗೆ ಆಯಿ ಅನ್ನುವುದು ಶಬ್ದವಲ್ಲ, ಹೆಸರು. ಹೆಸರನ್ನು ಯಾರು ಅನುವಾದಿಸುತ್ತಾರೆ?

ಹೀಗೆ ಕೆಲವು ವಾರ ಅವರು ನನ್ನನ್ನು ತಬ್ಬಲಿಯೆಂದು ಸಂತೈಸಿದರು. ಬೆಳಿಗ್ಗೆ ಮಮ್ಮಿ ಬೈದಳು ಎಂದು ನಾನು ಹೇಳಿದಾಗ, ಈಗಲೂ ಅವರ ದನಿ ಕೇಳಿಸುತ್ತದೆಯೇ ಎಂದು ಕಾಳಜಿಯಿಂದ ವಿಚಾರಿಸಿದರು. ಓಣಿಯ ತುದಿಯ ತನಕ ಕೇಳಿಸುತ್ತದೆ ಎಂದೆ. ಅವರು ಏನೋ ಬರೆದುಕೊಂಡರು.

ಒಂದು ದಿನ ನನ್ನ ಸ್ಕೂಟರ್ ಕೆಟ್ಟು, ಅವ್ವನೇ ನನ್ನನ್ನು ಮ್ಯಾಡಮ್ಮಿನ ಬಾಗಿಲಿಗೆ ಬಿಟ್ಟುಹೋದಳು. ಅಂದು ಮ್ಯಾಡಮ್ ಎದುರಿಗೊಂದು ಖಾಲಿ ಕುರ್ಚಿ ಇಟ್ಟು, ಆಯಿ ಇಲ್ಲೇ ಕೂತಿದ್ದಾರೆ ಅಂದುಕೊಂಡು ಮನೆಮಾತಿನಲ್ಲೇ ಮಾತಾಡಿ ಎಂದರು. ಕಣ್ಣು ಮುಚ್ಚಿದೆ. ಒಂದು ಜೋಕು ಹುಡುಕಿದೆ, ಸಿಗಲಿಲ್ಲ.

"ಆಯಿ, ಕಡೀಕ ನೀ ನನ್ನ ಕೇಳಿದೇನ?"

ಕಣ್ಣು ತೆರೆದರೆ ಕುರ್ಚಿಯಲ್ಲಿ ಅವ್ವ ಕೂತಿದ್ದಳು. ನನ್ನನ್ನು ಕರೆದೊಯ್ಯಲು ಜಲ್ದಿ ಬಂದವಳು ಬಿಸಿಲು ತಾಳದೆ ಒಳಗೆ ನುಗ್ಗಿದ್ದಳು. ಮ್ಯಾಡಮ್ ನೀವು ಯಾರೆಂದು ಕೇಳಿದ್ದಕ್ಕೆ, ಇವನ ಮಮ್ಮಿ ಎಂದಳು. ಮ್ಯಾಡಮ್ ಅವ್ವನನ್ನು ನೋಡಿದರು, ನನ್ನನ್ನು ನೋಡಿದರು, ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಹಾಗಾದರೆ ಆಯಿ ಯಾರು ಎಂದು ಮೆಲ್ಲಗೆ ಕೇಳಿದರು.

ಅವ್ವ ಉತ್ತರ ಕೊಟ್ಟದ್ದು ನನಗೆ.

"ಆಕಿ ನನ್ನ ಅವ್ವ."

ಇದು ನನಗೆ ಯಾವಾಗಲೂ ಗೊತ್ತಿದ್ದ ಸಂಗತಿ, ಆದರೂ ಅವತ್ತೇ ತಿಳಿಯಿತು. ಆ ಟ್ರೇನಿಂಗಿನಿಂದ ಬಂದ ಸಂಜೆ ಅವ್ವ ನನಗೆ ಇತಿಹಾಸ ಓದಿಸಿದ್ದಳು. ನಡುನಡುವೆ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಡುತ್ತಿದ್ದಳು. ನೀರು ಪೋಲು ಮಾಡುತ್ತಾಳೆ ಎಂದು ನಾನು ಅಪ್ಪನಿಗೆ ಚಾಡಿ ಹೇಳಿದ್ದೆ.

"ಕೇಳಿದ್ಲು," ಅಂದಳು ಅವ್ವ. "ಈಗ ನಮ್ಮ ಬಾಗಲಾ ದಾಟೂವಾಗ ಅವಗ ತಲಿ ಬಡೀತೈತೇನ ಅಂದ್ಲು."

"ನೀ ಏನಂದಿ?"

"ಹೂಂ, ಬಗ್ಗಿ ಬರಬೇಕಾಗತೈತಿ ಅಂದೆ."

ಆಯಿಯ ಮನೆಯ ಬಾಗಿಲು ಗಿಡ್ಡ. ನಾನು ಅದಕ್ಕಿಂತ ಗಿಡ್ಡ. ಇವತ್ತಿಗೂ ತುಂಬಿದ ಕೊಡ ಹೊತ್ತು, ತುಳುಕಿಸದೆ ಆ ಬಾಗಿಲು ದಾಟಬಲ್ಲೆ.

"ಸುಳ್ಳು ಹೇಳಿದಿ," ಅಂದೆ.

"ಖುಷಿ ಆತೋ ಆಕೀಗೆ. ಕಣ್ಣ ಮುಚಗೊಂಡ ನಕ್ಕಳು."

ಮೊದಲು ಅವ್ವ ಅತ್ತಳೋ ನಾನೋ, ಗೊತ್ತಿಲ್ಲ. ಕನ್ನಡ ಬಾರದ ಮ್ಯಾಡಮ್, ಏನಾಯಿತು ಹೇಳಿ ಎಂದು ಒಂದೇ ಸಮನೆ ಕೇಳುತ್ತಿದ್ದರು. ನಾನು ಟಿಶ್ಯೂ ಡಬ್ಬಿಯನ್ನು ಅವ್ವನ ಕಡೆಗೆ ತಳ್ಳಿದೆ. ಅವ್ವ ಮೂಗು ಒರೆಸಿಕೊಂಡು ಎದ್ದು, ನನ್ನ ರಟ್ಟೆ ಹಿಡಿದು ಬಾಗಿಲ ಚೌಕಟ್ಟಿನ ಕೆಳಗೆ ನಿಲ್ಲಿಸಿ, ನನ್ನ ತಲೆಯ ಮೇಲೆ ಉಳಿದಿದ್ದ ಜಾಗವನ್ನು ಗೇಣಿನಿಂದ ಅಳೆದು ಮ್ಯಾಡಮ್ಮಿಗೆ ತೋರಿಸಿದಳು.