ಕೆಂಪು ಕಾರಿನ ಹಿಂದಿನ ಸೀಟು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಬಸ್ಸಿನಲ್ಲಿ ವಾಂತಿ ಮಾಡಿಕೊಂಡವರು ಯಾರು ಎಂಬುದು ಈಗ ನನಗೆ ಖಾತ್ರಿಯಿಲ್ಲ. ಅಮ್ಮ ಎಂದೇ ಬಹಳ ವರ್ಷ ನಂಬಿದ್ದೆ. ಒದ್ದೆಯಾದ ಸೆರಗು, ಕಂಡಕ್ಟರನ ಬೈಗುಳ, ಮೇಗರವಳ್ಳಿಯಲ್ಲಿ ಬಸ್ಸು ನಿಂತಾಗ ಯಾರೋ ತಂದುಕೊಟ್ಟ ಸೋಡಾ, ಇಷ್ಟು ನೆನಪಿದೆ. ಆಗ ನನಗೆ ಐದೋ ಆರೋ ವರ್ಷ. ನಾನು ಓದಿದ್ದು ಮನಶ್ಶಾಸ್ತ್ರ, ಸಾಗರದ ಕಾಲೇಜೊಂದರಲ್ಲಿ ಕಲಿಸುವುದೂ ಅದನ್ನೇ. ಮನುಷ್ಯನ ನೆನಪನ್ನು ಸಾಕ್ಷಿ ಎಂದು ಅಷ್ಟು ಸುಲಭವಾಗಿ ಒಪ್ಪಬಾರದು ಎಂದು ಪ್ರತಿ ವರ್ಷ ಪಾಠ ಮಾಡುತ್ತೇನೆ. ಆ ಪಾಠ ನನ್ನ ಮನೆಯೊಳಗೆ ಬಂದದ್ದು ನಾವು ಹೊಸ ಕಾರು ನೋಡಲು ಹೊರಟಾಗ.

ಈ ಬಸ್ಸಿನ ಕಥೆಯ ಮೇಲೆ ನಮ್ಮ ಮನೆಯ ಒಂದು ಕಟ್ಟಳೆ ನಿಂತಿತ್ತು. ಕಾರಿನಲ್ಲಿ ಮುಂದಿನ ಸೀಟು ಅಮ್ಮನದು. ಹಿರಿಯರನ್ನು ಮುಂದೆ ಕೂರಿಸುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇರುವ ರೂಢಿ. ನಮ್ಮಲ್ಲಿ ಅದಕ್ಕೆ ವಾಂತಿಯ ಕಾರಣವೂ ಸೇರಿದ್ದರಿಂದ ಯಾರೂ ಪ್ರಶ್ನೆ ಮಾಡಿರಲಿಲ್ಲ. ಓಡಿಸುವವನು ನಾನು, ಪಕ್ಕದಲ್ಲಿ ಅಮ್ಮ, ಹಿಂದೆ ಹೆಂಡತಿ ಮತ್ತು ಮಗಳು. ಹೆಂಡತಿ ಕಾರು ಹತ್ತಿ ಊರು ದಾಟುವುದರೊಳಗೆ ಕಣ್ಣು ಮುಚ್ಚುತ್ತಿದ್ದಳು. ಅದೊಂದು ಮನೆಯ ತಮಾಷೆ. “ಅಮ್ಮಂಗೆ ಕಾರು ಅಂದ್ರೆ ತೊಟ್ಟಿಲು” ಎಂದು ಹೈಸ್ಕೂಲಿನಲ್ಲಿರುವ ಮಗಳು ಆಡಿಕೊಳ್ಳುತ್ತಿದ್ದಳು.

ಹೆಂಡತಿಯ ತವರು ಮೇಗರವಳ್ಳಿಯ ಹತ್ತಿರ. ಅಲ್ಲಿ ಅವಳ ಅಣ್ಣ, ಅತ್ತಿಗೆ, ತಾಯಿ ಇದ್ದಾರೆ. ಕಳೆದ ವರ್ಷ ನಮ್ಮ ಅತ್ತೆಗೆ ಮಂಡಿಯ ಆಪರೇಷನ್ ಆಯಿತು. ಆಮೇಲೆ ಹೆಂಡತಿಗೆ ಹದಿನೈದು ದಿನಕ್ಕೊಮ್ಮೆಯಾದರೂ ಅಲ್ಲಿಗೆ ಹೋಗಿ ಬರಬೇಕು ಎಂದಾಯಿತು. ಬಸ್ಸಿನಲ್ಲಾದರೆ ಹೊಸನಗರದಲ್ಲಿ ಇಳಿದು, ತೀರ್ಥಹಳ್ಳಿಯಲ್ಲಿ ಇಳಿದು, ಕಾದು ಹೋಗುವಷ್ಟರಲ್ಲಿ ಹಗಲು ಮುಗಿಯುತ್ತದೆ. ಹಾಗಿದ್ದೂ ಅವಳು “ನಂಗೆ ಬಸ್ಸೇ ಆರಾಮ” ಎನ್ನುತ್ತಿದ್ದಳು. ನಮಗೆ ತೊಂದರೆ ಕೊಡಬಾರದೆಂದು ಹಾಗೆ ಹೇಳುತ್ತಾಳೆ ಎಂದು ನಾನು ತಿಳಿದಿದ್ದೆ. ನಮ್ಮ ಹಳೆಯ ಕಾರು ಗುಂಡಿಗೆ ಇಳಿದಾಗಲೆಲ್ಲ ನರಳುತ್ತಿತ್ತು. ಹೊಸದೊಂದು ತೆಗೆದುಕೊಂಡರೆ ಅವಳ ಓಡಾಟ ಸುಲಭವಾಗುತ್ತದೆ ಎಂದು ನಾನೇ ಮಾತು ತೆಗೆದೆ. ಅವಳ ತವರಿನ ದಾರಿ ಅಲ್ಲಿ ನೆಪ ಮಾತ್ರವಾಗಿತ್ತೋ ಏನೋ, ಈಗ ಹೇಳಲಾರೆ. ಯಾಕೆಂದರೆ ಅಷ್ಟರಲ್ಲಾಗಲೇ ನನ್ನ ಮನಸ್ಸಿನಲ್ಲಿ ಒಂದು ಕಾರು ಕೂತಿತ್ತು.

ಕೆಂಪು ಮೈ, ಕಪ್ಪು ಛಾವಣಿ. ಹಿಂದಿನ ಭಾಗ ಇಳಿಜಾರಾಗಿ, ಓಡಲು ಸಿದ್ಧವಾದ ಪ್ರಾಣಿಯ ಬೆನ್ನಿನ ಹಾಗೆ. ಹಿಂದಿನ ಕಿಟಕಿಗಳು ತೆಳ್ಳಗೆ ಓರೆಯಾಗಿ, ಅರೆಮುಚ್ಚಿದ ಕಣ್ಣಿನಂತೆ. ಸಾಗರದ ಬಸ್ ಸ್ಟ್ಯಾಂಡಿನ ಹತ್ತಿರ ಅಂಥದೊಂದು ನಿಂತಿದ್ದಾಗ ಅದರ ಸುತ್ತ ಎರಡು ಸಲ ತಿರುಗಿದ್ದೆ. ಯಾವುದನ್ನೂ ಬೇಗ ಒಪ್ಪದ ನಾನು ಈ ವಿಷಯದಲ್ಲಿ ಪುರಾವೆ ಕೇಳಲಿಲ್ಲ.

ಶಿವಮೊಗ್ಗದ ಶೋರೂಮಿನವರು ಒಂದು ಭಾನುವಾರ ಗಾಡಿಯನ್ನು ಮನೆ ಬಾಗಿಲಿಗೇ ಕಳಿಸಿದರು. ತಂದವನು ಮೂವತ್ತರ ಆಸುಪಾಸಿನ, ಮಾತುಗಾರ ಮನುಷ್ಯ. 

“ಸರ್, ಇದು ರಸ್ತೆಗಿಳಿದ್ರೆ ಜನ ತಿರುಗಿ ನೋಡ್ಬೇಕು” ಎಂದ.

ಅಮ್ಮ ಜಗಲಿಯಿಂದಲೇ, “ಎದುರಿಂದ ಬರೋ ಲಾರಿಯವ್ನು ತಿರುಗಿ ನೋಡಿದ್ರೆ ನಮ್ಮ ಗತಿ ಎಂತದು ಮಾರಾಯ?” ಎಂದಳು.

“ಇರ್ಲಿ ಬಿಡಜ್ಜಿ” ಎಂದು ಮಗಳು ಅಪ್ಪನ ಪಕ್ಷ ವಹಿಸಿದಳು. “ಕಾಲೇಜಲ್ಲಿ ಅಪ್ಪನ್ನ ಯಾರೂ ತಿರುಗಿ ನೋಡಲ್ಲ. ಕಾರನ್ನಾದ್ರೂ ನೋಡ್ಲಿ.”

ಹೆಂಡತಿ ಕಾರಿನ ಹಿಂದಿನ ಬಾಗಿಲು ತೆಗೆದು ಗಾಜು ಇಳಿಸಿ ನೋಡುತ್ತಿದ್ದಳು. ಅದು ಮುಕ್ಕಾಲು ಇಳಿದು ನಿಂತುಬಿಟ್ಟಿತು. “ಇದು ಪೂರಾ ಇಳಿಯಲ್ವಾ?” ಎಂದು ಕೇಳಿದಳು. “ಇಲ್ಲ ಮೇಡಂ, ಡಿಸೈನೇ ಹಾಗೆ. ಎಸಿ ಇರ್ತದಲ್ಲ” ಎಂದು ಅವನು ಹೇಳಿದ. ಇದಂತೂ ನಡೆದದ್ದೇ ಎಂದು ನನಗನ್ನಿಸುತ್ತದೆ. ಆದರೆ ಕೇಳಿದ್ದು ತಾನು ಎಂದು ಮಗಳು ಹೇಳುತ್ತಾಳೆ.

ಹಿಂದಿನ ದಿನವೇ ನಾನು ಶಿವಮೊಗ್ಗದಲ್ಲಿ ಆ ಕಾರನ್ನು ಓಡಿಸಿ ನೋಡಿದ್ದೆ. ಹಾಗಾಗಿ ಶೋರೂಮಿನವನು, “ನೀವು ಈಗ ಹಿಂದೆ ಕೂತ್ಕೊಳಿ ಸರ್. ಫ್ಯಾಮಿಲಿಗೆ ಹ್ಯಾಗಿರ್ತದೆ ಗೊತ್ತಾಗ್ಲಿ. ನಾನು ಓಡಿಸ್ತೀನಿ” ಎಂದ. ಅಮ್ಮ ರೂಢಿಯಂತೆ ಮುಂದೆ ಕೂತಳು. ಹಿಂದೆ ಒಂದು ಕಿಟಕಿಯ ಬಳಿ ಹೆಂಡತಿ, ಇನ್ನೊಂದು ಕಿಟಕಿಯ ಬಳಿ ಮಗಳು, ನಡುವೆ ನಾನು. ಹೊಸನಗರದವರೆಗೆ ಹೋಗಿ ಬರುವುದು ಎಂದಾಯಿತು.

ನನ್ನದೇ ಮನೆಯವರ ಜೊತೆ ಕಾರಿನಲ್ಲಿ ಹಿಂದೆ ಕೂತದ್ದು ಅದೇ ಮೊದಲಿರಬೇಕು. ಕಾರು ಕೊಂಡಾಗಿನಿಂದ ಓಡಿಸಿದವನು ನಾನೊಬ್ಬನೇ. ಊರು ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಅವನು ಕೊಟ್ಟ ಬಣ್ಣದ ಹಾಳೆಯಲ್ಲಿ ಡಿಕ್ಕಿಯ ಅಳತೆ ಓದುತ್ತಿದ್ದೆ. ತಿರುವುಗಳು ಶುರುವಾದವು. ಎದುರಿಗೆ ನೋಡಿದರೆ ದಪ್ಪ ಸೀಟುಗಳ ಕಪ್ಪು ಬೆನ್ನು. ಪಕ್ಕಕ್ಕೆ ನೋಡಿದರೆ ಕಿಟಕಿಯಲ್ಲಿ ಒಂದು ಗೇಣು ಹಸಿರು ಸರಕ್ಕೆಂದು ಹರಿದು ಹೋಗುತ್ತಿತ್ತು. ರಸ್ತೆ ಎಲ್ಲೂ ಕಾಣಿಸಲಿಲ್ಲ. ಕಾರು ಎತ್ತ ತಿರುಗುತ್ತದೆ ಎಂಬುದು ಹೊಟ್ಟೆಗೆ ಮೊದಲು, ಕಣ್ಣಿಗೆ ಆಮೇಲೆ ಗೊತ್ತಾಗುತ್ತಿತ್ತು. ಬಟ್ಟೆಮಲ್ಲಪ್ಪ ಎಂಬ ಊರು ಬರುವ ಮೊದಲೋ ದಾಟಿದ ಮೇಲೋ ಬಾಯಲ್ಲಿ ನೀರೂರಿತು. ಕುತ್ತಿಗೆಯ ಹಿಂದೆ ತಣ್ಣಗೆ ಬೆವರು. ಹೊಟ್ಟೆ ತೊಳಸತೊಡಗಿತು.

ನಾನು ಏನೂ ಹೇಳಿರಲಿಲ್ಲ. ಪಕ್ಕದಲ್ಲಿ ಹೆಂಡತಿ ತಲೆ ಹಿಂದಕ್ಕೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದಳು. ಎಂದಿನಂತೆ ನಿದ್ದೆ ಎಂದುಕೊಂಡೆ. ಅವಳು ಕಣ್ಣು ಬಿಡದೆಯೇ ಮಡಿಲಲ್ಲಿದ್ದ ಪರ್ಸಿನ ಜಿಪ್ ಎಳೆದು, ಮಡಚಿದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ನನ್ನ ಕೈಗಿಟ್ಟಳು. ಆಮೇಲೆ ಒಂದು ಲಿಂಬೆಹಣ್ಣು ಕೊಟ್ಟಳು. “ಮೂಸ್ತಾ ಇರಿ. ಹಾಳೆ ನೋಡ್ಬೇಡಿ” ಎಂದಳು ಮೆಲ್ಲಗೆ.

“ನಿದ್ದೆ ಮಾಡ್ತಿರ್ಲಿಲ್ವಾ?”

“ಈ ರಸ್ತೇಲಿ ನಿದ್ದೆ ಯಾರಿಗೆ ಬರ್ತದೆ? ಕಣ್ಣು ಬಿಟ್ರೆ ನಿಮ್ಮ ಹಾಗೇ ಆಗ್ತದೆ ನಂಗೂ.”

ಕಾರು ನಿಲ್ಲಿಸಿ ಎಂದೆ. ಇಳಿದು ಚರಂಡಿಯ ಪಕ್ಕ ಕೂತು, ಬೆಳಿಗ್ಗೆ ತಿಂದದ್ದನ್ನೆಲ್ಲ ಅಲ್ಲಿ ಬಿಟ್ಟೆ. ಶೋರೂಮಿನವನು ನೀರಿನ ಬಾಟಲಿ ಹಿಡಿದು ನಿಂತಿದ್ದ. ಅವನ ಗಾಡಿಯ ಸೀಟು ಉಳಿದ ಸಮಾಧಾನ ಮುಖದಲ್ಲಿ ಕಾಣುತ್ತಿತ್ತು.

ಅಮ್ಮ ಬೆಲ್ಟು ಬಿಚ್ಚಿಸಿಕೊಂಡು ಇಳಿದು ಬಂದಳು. “ಇನ್ನೂ ಬಿಟ್ಟಿಲ್ವೇನೋ ನಿಂಗೆ ಇದು?” ಎಂದಳು.

“ಎಂತ ಬಿಡೋದು? ವಾಂತಿ ಆಗ್ತಿದ್ದದ್ದು ನಿಂಗಲ್ವಾ? ಆಗುಂಬೆ ಬಸ್ಸಲ್ಲಿ...”

“ನಂಗಾ? ನನ್ನ ಸೀರೆ ಮೇಲೆ ನೀನು ಮಾಡಿದ್ದು ಮಾರಾಯ. ನಂಗೆ ಯಾವತ್ತು ಆಗಿತ್ತು?”

“ಮತ್ತೆ ಇಷ್ಟು ವರ್ಷ ಮುಂದೆ ಯಾಕೆ ಕೂತೆ?”

“ನೀ ಕೂರಿಸ್ದೆ, ನಾ ಕೂತೆ. ದೊಡ್ಡವ್ರಿಗೆ ಮರ್ಯಾದಿ ಕೊಡ್ತಾನೆ, ಬ್ಯಾಡ ಅಂದ್ರೆ ಬೇಜಾರು ಮಾಡ್ಕಂತಾನೆ ಅಂತ ಸುಮ್ನಿದ್ದೆ. ಹಿಂದೆ ಕೂತ್ರೆ ಚಕ್ಕಳಮಕ್ಕಳ ಹಾಕ್ಕಂಡು ಕೂರಬಹುದು. ಇಲ್ಲಿ ನನ್ನ ಕಟ್ಟಿ ಹಾಕಿದ ಹಾಗೆ ಇರ್ತದೆ.”

ಅವಳು ಹೇಳಿದ್ದು ನಿಜವೇ ಎಂದು ನಾನು ಈಗಲೂ ಯೋಚಿಸುತ್ತೇನೆ. ಸೊಸೆಯ ಮುಖ ನೋಡಿ ಆ ಕ್ಷಣಕ್ಕೆ ಕಟ್ಟಿದ ಮಾತೂ ಆಗಿರಬಹುದು. ಅಮ್ಮ ಹಾಗೆ ಮಾಡಬಲ್ಲವಳು. ಬಸ್ಸಿನಲ್ಲಿದ್ದ ಮೂರನೆಯವರು ಅಪ್ಪ. ಅವರು ಈಗಿಲ್ಲ. ನನ್ನ ಹೊಟ್ಟೆಯ ಸಾಕ್ಷಿ ಮಾತ್ರ ಅಮ್ಮನ ಪರವಾಗಿದೆ.

ಹೊಸನಗರಕ್ಕೆ ಹೋಗದೆ ಅಲ್ಲಿಂದಲೇ ತಿರುಗಿದೆವು. ಬರುವಾಗ ಅಮ್ಮ ಹಿಂದೆ ಕೂತಳು, ಹೆಂಡತಿ ಮುಂದೆ. ಓಡಿಸಿದವನು ನಾನು. ತಿರುವುಗಳು ಅವೇ, ಕಾರೂ ಅದೇ. ನನಗೆ ಏನೂ ಆಗಲಿಲ್ಲ. ಹೆಂಡತಿ ಕಣ್ಣು ತೆರೆದು ಕೂತಿದ್ದಳು.

ಆ ಸಂಜೆ ಅಡುಗೆಮನೆಯಲ್ಲಿ ಹೆಂಡತಿ ಉಳಿದದ್ದನ್ನೂ ಹೇಳಿದಳು. ಬಸ್ಸು ಆರಾಮ ಎನ್ನಲು ಕಾರಣ, ಅಲ್ಲಿ ಡ್ರೈವರನ ಹಿಂದಿನ ಸೀಟು ಹಿಡಿದರೆ ಎದುರಿಗೆ ರಸ್ತೆ ಕಾಣುತ್ತದೆ. ಕಾರಿನಲ್ಲಿ ತವರಿಗೆ ಹೋದ ದಿನ ಅವಳಿಗೆ ಇಳಿದ ಮೇಲೂ ತಲೆ ತಿರುಗುತ್ತಿತ್ತು. ಹೋದವಳೇ ಒಳಕೋಣೆಯಲ್ಲಿ ಮಲಗಿಬಿಡುತ್ತಿದ್ದಳು. ಊಟ ಬೇಡ, ಮಾತು ಬೇಡ. ಎರಡು ದಿನಕ್ಕೆಂದು ಹೋದರೆ ಒಂದು ದಿನ ಹಾಸಿಗೆಯಲ್ಲೇ ಕಳೆಯುತ್ತಿತ್ತು. “ಸಾಗರದಲ್ಲಿ ನಿನ್ನ ಮಲಗೋಕೂ ಬಿಡಲ್ವೇನೇ?” ಎಂದು ಅವಳ ತಾಯಿ ಕೇಳಿದ್ದರಂತೆ. ಆಪರೇಷನ್ ಆದ ಮೇಲೆ ಅವರೇ ಹಾಸಿಗೆಯಲ್ಲಿರುವಾಗ, ನೋಡಿಕೊಳ್ಳಲು ಹೋದ ಮಗಳೂ ಮಲಗಿದರೆ ಹೇಗೆ ಎಂಬುದು ಅವಳ ಚಿಂತೆ.

“ಮೊದ್ಲೇ ಹೇಳಿದ್ರೆ ಆಗ್ತಿರ್ಲಿಲ್ವಾ?” ಎಂದೆ.

“ಎಂತ ಹೇಳೋದು? ಅತ್ತೆನ ಹಿಂದೆ ಕೂರ್ಸಿ, ನಾನು ಮುಂದೆ ಕೂರ್ತೀನಿ ಅಂತ್ಲಾ? ಸಾಗರ ಪೇಟೇಲಿ ನೋಡಿದವ್ರು ಎಂತ ಹೇಳ್ತಿದ್ರು?”

ಅಂಥ ಕಾರೊಂದನ್ನು ನಾನೇ ನೋಡಿದ್ದರೆ ಏನಾದರೂ ಅಂದುಕೊಳ್ಳುತ್ತಿದ್ದೆ.

ಕಾರಿನ ಆಯ್ಕೆ ಆಮೇಲೆ ಬೇಗ ಮುಗಿಯಿತು. ಹೆಂಡತಿಗೆ ಮುಂದಿನ ಸೀಟು ಸಿಕ್ಕರೆ ಇಳಿಜಾರು ಬೆನ್ನಿನದನ್ನೇ ತೆಗೆದುಕೊಳ್ಳಬಹುದಲ್ಲ ಎಂದು ಒಂದು ವಾರ ವಾದ ಮಾಡಿದೆ. “ಅಪ್ಪ, ನನ್ನ ತಲೆ ಮೇಲಿನ ಮಾಡಿಗೆ ತಾಗ್ತದೆ. ನಾ ಇನ್ನೂ ಬೆಳೀತಿದೀನಿ” ಎಂದು ಮಗಳು ಕೈಬಿಟ್ಟಳು. ಅಮ್ಮ ಎಲೆ ಅಡಿಕೆ ಹಾಕುವವಳು. ಮುಕ್ಕಾಲು ಇಳಿಯುವ ಗಾಜಿನ ಬಗ್ಗೆ ಅವಳಿಗೆ ಅವಳದೇ ಆಕ್ಷೇಪಣೆ ಇತ್ತು. “ಉಗುಳೋಕೆ ಆಗ್ದಿರೋ ಕಿಟಕಿ ಎಂತ ಕಿಟಕಿನೋ” ಎಂದಳು. ಹೆಂಡತಿ ಹೇಳಿದ್ದು ಇಷ್ಟೇ: “ಹಿಂದೆ ನನ್ನ ಜಾಗದಲ್ಲಿ ಇನ್ನು ಯಾರು ಕೂತ್ರೂ ಅವ್ರಿಗೆ ಹೊರಗೆ ಕಾಣ್ಬೇಕು. ಬಣ್ಣ ನಿಮ್ಮಿಷ್ಟ.”

ಕೊನೆಗೆ ಅದೇ ಕಂಪನಿಯ ಇನ್ನೊಂದು ಕಾರು ಕೊಂಡೆವು. ಹಿಂಭಾಗ ನೇರ, ಕಿಟಕಿಗಳು ಅಗಲ, ಅಮ್ಮ ಕಾಲು ಮಡಚಿ ಕೂತರೂ ಇನ್ನೊಬ್ಬರಿಗೆ ಜಾಗ. ಬಣ್ಣ ಮಾತ್ರ ಬಿಟ್ಟುಕೊಡಲಿಲ್ಲ. ಕೆಂಪು ಮೈ, ಕಪ್ಪು ಛಾವಣಿ, ಹೊಳೆಯುವ ಚಕ್ರ. ಅದನ್ನು ಜನ ತಿರುಗಿ ನೋಡುತ್ತಾರೆ. ನೋಡುವುದು ಬಣ್ಣವನ್ನೋ, ಮುಂದೆ ಕೂತ ಸೊಸೆಯನ್ನೋ ಹೇಳಲು ಬರುವುದಿಲ್ಲ.

ಮೊದಲ ಸಲ ಮೇಗರವಳ್ಳಿಗೆ ಹೊರಟಾಗ ಹೆಂಡತಿ ಸಾಗರದಿಂದ ತೀರ್ಥಹಳ್ಳಿಯವರೆಗೂ ನನ್ನ ಡ್ರೈವಿಂಗಿನಲ್ಲಿ ತಪ್ಪು ಹುಡುಕಿದಳು. ಲಾರಿಗೆ ಅಂಟಿಕೊಂಡು ಹೋಗ್ತೀರಿ, ತಿರುವಲ್ಲಿ ಹಾರ್ನ್ ಹಾಕಲ್ಲ, ಯಾವಾಗ್ಲೂ ಹೀಗೇನಾ? “ಅವ್ಳು ಕಣ್ಣು ಮುಚ್ಚಿದ್ದಾಗ್ಲೇ ಸುಖ ಇತ್ತಲ್ಲೋ ನಿಂಗೆ” ಎಂದು ಹಿಂದಿನಿಂದ ಅಮ್ಮ ಹೇಳಿದಳು. ಮಗಳು ನಕ್ಕಳು. ಹೆಂಡತಿಯೂ ನಕ್ಕಳು ಎಂದು ನನ್ನ ನೆನಪು.

ತಲುಪಿದಾಗ ನಾನು ಕಾರಿನ ಬಳಿಯೇ ಉಳಿದೆ. ಭಾವ ಬಾನೆಟ್ ತೆಗೆಸಿ ನೋಡುತ್ತಿದ್ದ. ಒಳಗೆ ಹೋದಾಗ ಹೆಂಡತಿ ಅಡುಗೆಮನೆಯಲ್ಲಿ ತಾಯಿಯ ಕುರ್ಚಿಯ ಪಕ್ಕ ಕೂತು ತಿನ್ನುತ್ತಿದ್ದಳು. ಹಾಗೆಂದು ನನಗೆ ಕಾಣಿಸುತ್ತದೆ. ಆದರೆ ಈ ಚಿತ್ರ ಬಹಳ ಅಚ್ಚುಕಟ್ಟಾಗಿದೆ. ನನಗೆ ಬೇಕಾದ ಹಾಗೆಯೇ ಇದೆ. ಮಾರನೆಯ ದಿನದ ಊಟವನ್ನು ತಂದು ಇಲ್ಲಿಗೆ ಅಂಟಿಸಿಕೊಂಡಿರಲೂಬಹುದು. ಆದ್ದರಿಂದ ಇದನ್ನು ಬರೆಯುವ ಮೊದಲು ಅತ್ತೆಗೆ ಫೋನ್ ಮಾಡಿ ಕೇಳಿದೆ.

“ಇದನ್ನ ಕೇಳೋಕೆ ಫೋನ್ ಮಾಡಿದ್ರಾ?” ಎಂದು ಅವರು ಮೊದಲು ನಕ್ಕರು. ಆಮೇಲೆ ಹೇಳಿದರು: “ಹೌದು. ಅವತ್ತು ಮಲಗ್ಲಿಲ್ಲ. ಬಂದವ್ಳೇ ಕೈಕಾಲು ತೊಳ್ಕಂಡು ಕೂತ್ಲು. ಕಡುಬು, ಕೋಳಿಸಾರು. ಎರಡನೇ ಸಲಾನೂ ಬಡಿಸ್ಕಂಡ್ಲು.”