ಅವ್ವನ ಸುದ್ದಿಗೆ ಬೀಗ

ಒಂದು ಫೋಟೋ ತೋರಿಸಲೆಂದು ಫೋನು ಕೊಟ್ಟರೆ ಆ ಒಂದನ್ನೇ ನೋಡಿ ಹಿಂದಿರುಗಿಸುವವರನ್ನು ನಾನು ಕೊಟ್ಟೂರಿನಲ್ಲಿ ಇನ್ನೂ ಕಂಡಿಲ್ಲ. ನೀವು ಕಂಡಿದ್ದರೆ ಪುಣ್ಯವಂತರು. ಬೆರಳು ಹಿಂದಿನ ಫೋಟೋಕ್ಕೆ, ಅಲ್ಲಿಂದ ಸಂದೇಶಗಳಿಗೆ, ಸ್ವಂತ ಅಡುಗೆಮನೆ ಹೊಕ್ಕಷ್ಟು ಸಲೀಸಾಗಿ ನುಗ್ಗುತ್ತದೆ. ಕಸಿದುಕೊಂಡರೆ ಒರಟರು ನಾವೇ.

ಕೂಡ್ಲಿಗಿಯಿಂದ ಬಂದ ನನ್ನ ಅಕ್ಕನ ಬೆರಳು ಕಳೆದ ತಿಂಗಳು ನೇರ ನನ್ನ ದಿನಚರಿಯನ್ನೇ ಹೊಕ್ಕಿತು. ನೆನಪನ್ನು ನಂಬದವಳಾದ್ದರಿಂದ ನಾನು ಎಲ್ಲವನ್ನೂ ಫೋನಿನಲ್ಲಿ ಬರೆದಿಡುತ್ತೇನೆ. ಅವ್ವನಿಗೆ ಮರೆವಿನ ಕಾಯಿಲೆ ಶುರುವಾಯಿತೇ ಎಂಬ ಭಯವೂ ಅಲ್ಲಿತ್ತು. ‘ಬಸ್‌ ಸ್ಟ್ಯಾಂಡಿನಲ್ಲಿ ಅವ್ವ ದಾರಿ ಮರೆತಳು’ ಎಂಬುದನ್ನು ಅಕ್ಕ ಅವ್ವನ ಎದುರೇ ಗಟ್ಟಿಯಾಗಿ ಓದಿ ನಕ್ಕಳು. ಅವ್ವ ಬಿಡಿಸುತ್ತಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು.

ಅಂದೇ ದಿನಚರಿ, ಫೋಟೋ, ಸಂದೇಶ ಎಲ್ಲಕ್ಕೂ ಬೀಗ ಹಾಕಿದೆ. ಸಿಟ್ಟಿನ ಭರದಲ್ಲಿ ಹವಾಮಾನದ ಆಪ್‌ಗೂ. ಬಿಸಿಲೆಷ್ಟೆಂದು ತಿಳಿಯಲು ಹೆಬ್ಬೆಟ್ಟು ಒತ್ತಬೇಕಾದ ಸ್ನಾತಕೋತ್ತರ ಪದವೀಧರೆ ಬಹುಶಃ ನಾನೊಬ್ಬಳೇ.

ಮೊನ್ನೆ ಅಕ್ಕ ಮತ್ತೆ ಬಂದವಳೇ ಫೋನು ಎತ್ತಿಕೊಂಡಳು.

“ಏನಲೇ ಇದು, ಎಲ್ಲಾದಕ್ಕೂ ಬೀಗ! ನಾವೇನ್ ಕಳ್ಳರೇನು?”

“ಕಳ್ಳರಾದ್ರ ಕದ್ದು ಓದ್ತಾರ. ನೀನು ಕೂಗಿ ಓದಿದಿ,” ಎಂದೆ.

“ಎಲ್ಲಾರೂ ನಗಲಿ ಅಂತ ಓದಿದೆ, ಬಿಡಲೇ.”

ಅವ್ವ ನನ್ನತ್ತ ತಿರುಗಿದಳು. “ನನ್ನ ಸುದ್ದಿ ನನಗ ಸಿಗದಂಗ ಬೀಗ ಹಾಕಿ ಇಟ್ಟೀಯಲ್ಲ. ತೆಗಿ. ಓದು.”

ಓದಿದೆ.

“ಮರೆತಾಕಿ ನಾನಲ್ಲ,” ಎಂದಳು ಅವ್ವ. “ಹಡಗಲಿ ಬಸ್ ನಿಲ್ಲೋ ಕಡೆ ಇರು ಅಂದಾಕಿ ನೀನು. ಅಲ್ಲೇ ನಿಂತಿದ್ದೆ. ನೀನು ಹರಪನಹಳ್ಳಿ ಬಸ್ಸಿನ ಕಡೆ ಹುಡುಕಿ ಬಂದು ನನ್ನ ಮ್ಯಾಲೆ ಒದರಿದಿ.”

ಹೌದೇ? ನನಗೆ ನೆನಪಿಲ್ಲ. ಸಿಟ್ಟಿನಲ್ಲಿ ಬರೆದದ್ದೆಂಬುದು ಮಾತ್ರ ಸಾಲುಸಾಲಿನ ಅಕ್ಷರದೋಷಗಳಲ್ಲಿ ಕಾಣುತ್ತಿತ್ತು. ಹೀಗೇ ಬಿಟ್ಟಿದ್ದರೆ ನನ್ನ ತಪ್ಪು ಬೀಗದೊಳಗೆ ಭದ್ರವಾಗಿದ್ದು, ಮುಂದೊಂದು ದಿನ ಅವ್ವನ ಕಾಯಿಲೆಗೆ ಸಾಕ್ಷಿ ಹೇಳುತ್ತಿತ್ತು. ಈಗ ಸಿಟ್ಟು ನನ್ನ ಮೇಲೂ ಬಂತು. ಹಾಗೆಂದು ಅಕ್ಕನ ಮೇಲಿನದು ಇಳಿದಿಲ್ಲ, ಇಳಿಸುವುದೂ ಇಲ್ಲ. ಅವಳಿಗೆ ಬೀಗ ಬೀಗವೇ. ಆದರೆ ಅವ್ವನ ಹೆಬ್ಬೆರಳನ್ನು ಫೋನಿಗೆ ಒತ್ತಿಸಿ, ದಿನಚರಿ ಅವಳಿಗೂ ತೆರೆಯುವಂತೆ ಮಾಡಿದೆ.

ಅವ್ವ ಒಳಗೆ ಹೋಗಿ ಕನ್ನಡಕ ತಂದು ಕೂತಳು.

“ಮೊದಲಿಂದ ನೋಡೋಣ. ಇನ್ನೂ ಏನೇನ್ ಸುಳ್ಳು ಬರದೀಯೋ!”